ಬೇಪೊ ಮಾವನ ವಿಚಾರಣೆ

ಫೆಬ್ರವರಿ 3, ಸೋಮವಾರ

ಶಿಶುವಿಹಾರದ ತರಬೇತಿಯ ಮೊದಲ ದಿನ ಮುಗಿಯಿತು. ಕಿವಿಯಲ್ಲಿ ಇನ್ನೂ ಗುಂಯ್ ಎನ್ನುತ್ತಿದೆ.

ನನಗೆ ಕೊಟ್ಟಿರುವ ಗುಂಪಿನ ಹೆಸರು ‘ಮೀನುಮರಿಗಳು’. ನಾಲ್ಕೈದು ವರ್ಷದ ಇಪ್ಪತ್ತು ಮಕ್ಕಳು. ಹೆಸರಿಟ್ಟವರು ಮೀನನ್ನು ಕಂಡಿರಲಿಕ್ಕಿಲ್ಲ. ಮೀನಿಗೆ ಕಿರುಚಲು ಬರುವುದಿಲ್ಲ.

ಮಗುವಿನ ಮನಸ್ಸು ಹೇಗೆ ಬೆಳೆಯುತ್ತದೆ ಎಂದು ಕಾಲೇಜಿನಲ್ಲಿ ಎರಡು ವರ್ಷ ಓದಿದ್ದೇನೆ. ಅಲ್ಲಿ ಹೇಳಿಕೊಟ್ಟಂತೆಯೇ ನಗುನಗುತ್ತ ಮೂರು ಸಲ ಚಪ್ಪಾಳೆ ತಟ್ಟಿದೆ. ಒಬ್ಬಳೇ ಒಬ್ಬಳು ತಿರುಗಿ ನೋಡಿದಳು. ಕೆಂಪು ಕೂದಲು, ಮೂಗಿನ ಮೇಲೆ ಗಾಯದ ಪಟ್ಟಿ, ಹೆಸರು ಪೆರಿನಾ.

“ಯಾರಿಗೆ ಚಪ್ಪಾಳೆ ಹೊಡೀತಾ ಇದೀರಾ? ಯಾರೂ ಏನೂ ಮಾಡಿಲ್ವಲ್ಲಾ” ಎಂದಳು. ಆಮೇಲೆ ನನ್ನ ಕಾಲು ನೋಡಿ, ಇಡೀ ಕೋಣೆಗೆ ಕೇಳುವ ಹಾಗೆ ಕೂಗಿದಳು: “ಯೆರ್ಕಾ ಅತ್ತೇ! ಇವ್ರು ಬೀದಿ ಶೂ ಹಾಕ್ಕೊಂಡೇ ಒಳಗೆ ಬಂದಿದಾರೆ!”

ನಿಜ. ನಾನು ಮಕ್ಕಳ ಜಮಖಾನೆಯ ಮೇಲೆ ಕೆಸರಿನ ಶೂಗಳಲ್ಲಿ ನಿಂತಿದ್ದೆ. ಇಪ್ಪತ್ತು ಮಕ್ಕಳೂ ಮನೆಯೊಳಗಿನ ಮೆತ್ತನೆ ಚಪ್ಪಲಿ ಹಾಕಿಕೊಂಡು ನನ್ನನ್ನು ನೋಡಿದರು. ಆ ಹೊತ್ತು ಮಾತ್ರ ಕೋಣೆ ನಿಶ್ಶಬ್ದವಾಗಿತ್ತು.

ಯೆರ್ಕಾ ಅತ್ತೆ ನನ್ನ ಮಾರ್ಗದರ್ಶಕಿ. ಈ ದ್ವೀಪದ ಶಿಶುವಿಹಾರದಲ್ಲಿ ಮೂವತ್ತು ವರ್ಷದಿಂದ ಇದ್ದಾರೆ. ಈಗ ಮಕ್ಕಳನ್ನು ಬಿಡಲು ಬರುವ ಅಪ್ಪ ಅಮ್ಮಂದಿರಲ್ಲಿ ಅರ್ಧದಷ್ಟು ಜನರ ಮೂಗು ಒರೆಸಿದವರು ಅವರೇ. ಅವರು ಗದರುವುದಿಲ್ಲ. ಕನ್ನಡಕದ ಮೇಲಿಂದ ನೋಡುತ್ತಾರೆ, ಎಲ್ಲರೂ ಕೂತುಬಿಡುತ್ತಾರೆ. ನಾನೂ ಕೂತೆ.

ಇಲ್ಲಿ ಮಕ್ಕಳು ಟೀಚರನ್ನು ಅತ್ತೆ ಎನ್ನುತ್ತಾರೆ. ಇಪ್ಪತ್ತನೇ ವಯಸ್ಸಿಗೆ ಇಪ್ಪತ್ತು ಮಕ್ಕಳಿಗೆ ತೋಂಕಾ ಅತ್ತೆಯಾದೆ. ಈ ತರಬೇತಿ ಮುಗಿದ ಕೂಡಲೇ ಕಾಲೇಜಿನ ಟೂರಿಸಂ ವಿಭಾಗಕ್ಕೆ ಬದಲಾಯಿಸಿಕೊಳ್ಳುವುದೆಂದು ಇವತ್ತೇ ತೀರ್ಮಾನ ಮಾಡಿದ್ದೇನೆ. ಅರ್ಜಿ ತಂದಿಟ್ಟುಕೊಂಡಿದ್ದೇನೆ. ಅಮ್ಮನಿಗೆ ಈಗಲೇ ಹೇಳುವುದು ಬೇಡ.

ಫೆಬ್ರವರಿ 4, ಮಂಗಳವಾರ

ಯೂಗೊ ಬೀಸುತ್ತಿದೆ. ಈ ದಕ್ಷಿಣದ ಗಾಳಿ ಎದ್ದರೆ ದೊಡ್ಡವರಿಗೇ ತಲೆ ಕೆಡುತ್ತದೆ, ಇನ್ನು ಮಕ್ಕಳ ಕಥೆ ಹೇಳಬೇಕೇ. ರೋಕೊ ಎಂಬುವನು ನನ್ನ ಕಣ್ಣೆದುರೇ ಸೂಪಿನ ಬಟ್ಟಲನ್ನು ಮಗುಚಿದ. “ಯಾರು ಮಾಡಿದ್ದು?” ಎಂದು ಕೇಳಿದರೆ “ಯಾರೂ ಇಲ್ಲ” ಎಂದ. ಊಟವಾದ ಮೇಲೆ ಮಲಗುವ ಹೊತ್ತಿನಲ್ಲಿ ಯಾರೂ ಮಲಗಲಿಲ್ಲ. ಪೆರಿನಾ ಮಂಚದಿಂದ ಮಂಚಕ್ಕೆ ಹೋಗಿ ಎಲ್ಲರ ಕಿವಿಯಲ್ಲೂ ಏನೋ ಹೇಳಿ ಬಂದಳು. ಹೇಳಿದ್ದು ನನ್ನ ಬಗ್ಗೆಯೇ, ಯಾಕೆಂದರೆ ಎಲ್ಲರೂ ಒಟ್ಟಿಗೆ ನಕ್ಕರು.

ಶೌಚಾಲಯಕ್ಕೆ ಹೋಗಿ ಅತ್ತುಬಿಟ್ಟೆ. ಅಲ್ಲಿನ ಕಮೋಡುಗಳು ಮೊಣಕಾಲಿಗಿಂತ ಕೆಳಗಿವೆ. ಸರಿಯಾಗಿ ಕೂತು ಅಳುವುದಕ್ಕೂ ಆಗುವುದಿಲ್ಲ.

ಫೆಬ್ರವರಿ 6, ಗುರುವಾರ

ಇವತ್ತು ಗೆದ್ದೆ! ಬರೆದಿಡಬೇಕು.

ಯೆರ್ಕಾ ಅತ್ತೆ ಬೆಳಗ್ಗೆಯೇ ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದರು. ಯಾವ ಉಪಾಯವೂ ಹೊಳೆಯದೆ ಉಗ್ರಾಣದ ಕೋಣೆಗೆ ನುಗ್ಗಿದೆ. ಅಲ್ಲಿ ಒಂದು ಹಳೆಯ ಪ್ಯಾಂಟು, ಮೀನುಗಾರರ ದಪ್ಪ ಕೋಟು, ಒಂದು ಮೂಟೆ ಹುಲ್ಲು ಇತ್ತು. ಚಳಿಗಾಲದ ಕೊನೆಯ ಕಾರ್ನಿವಲ್ ಹಬ್ಬಕ್ಕೆ ಪ್ರತಿವರ್ಷ ಶಿಶುವಿಹಾರದವರು ಒಂದು ಹುಲ್ಲಿನ ಮನುಷ್ಯನನ್ನು ಮಾಡಿಕೊಡುತ್ತಾರೆ. ಹೇಗಿದ್ದರೂ ಮಾಡಬೇಕಲ್ಲ, ಈಗಲೇ ಮಾಡಿದರಾಯಿತು ಎಂದುಕೊಂಡೆ.

ಮಕ್ಕಳ ಕೈಗೆ ಹುಲ್ಲು ಕೊಟ್ಟಿದ್ದೇ ತಡ, ಗಲಾಟೆ ನಿಂತುಹೋಯಿತು. ರೋಕೊ ಎಡಗಾಲು ತುಂಬಿದ. ವಿನ್ಕಾ ಎಂಬ ಪುಟ್ಟ ಹುಡುಗಿ ಹೊಟ್ಟೆಗೆ ಒಂದೊಂದೇ ಎಸಳು ಹಾಕುತ್ತ ಕೂತಳು. ಪೆರಿನಾ ಮೇಸ್ತ್ರಿಯ ಹಾಗೆ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು. “ಇವ್ರಿಗೆ ಮೀಸೆ ಬೇಕು. ಕಣ್ಣು ನಗ್ತಾ ಇರ್ಬೇಕು. ಹೆಸ್ರು ಬೇಪೊ ಮಾವ.” ಹಾಗೆಯೇ ಆಯಿತು. ಉಣ್ಣೆಯ ಮೀಸೆ ಹೊಲಿದೆ, ಕಣ್ಣು ಬರೆದೆ.

ಸೂಪಿನ ಮೇಜಿನಲ್ಲಿ ಬೇಪೊ ಮಾವನಿಗೂ ಒಂದು ಕುರ್ಚಿ ಹಾಕಿದೆ. “ನೋಡಿ, ಬೇಪೊ ಮಾವ ಎಷ್ಟು ಚೆನ್ನಾಗಿ ಕೂತಿದ್ದಾರೆ” ಎಂದೆ. ಎಲ್ಲರೂ ಚೆನ್ನಾಗಿ ಕೂತರು. ಮಲಗುವ ಹೊತ್ತಿಗೆ ಅವನಿಗೊಂದು ಪುಟ್ಟ ಮಂಚ, ಹೊದಿಕೆ. ಪೆರಿನಾ ತನ್ನ ಮಂಚವನ್ನು ಅವನ ಪಕ್ಕಕ್ಕೆ ಎಳೆದುಕೊಂಡು ಅವನ ಎದೆ ತಟ್ಟುತ್ತ ತಟ್ಟುತ್ತ ತಾನೇ ನಿದ್ದೆ ಹೋದಳು. ಇಪ್ಪತ್ತೂ ಮಕ್ಕಳು ಮಲಗಿದರು. ನಾನೂ ಕುರ್ಚಿಯಲ್ಲೇ ತೂಕಡಿಸಿದೆ.

ಯೆರ್ಕಾ ಅತ್ತೆ ಊದಿದ ಕೆನ್ನೆ ಹಿಡಿದುಕೊಂಡು ವಾಪಸು ಬಂದು ನೋಡಿದರು.

“ಹೆಸ್ರೂ ಇಟ್ಟಾಯ್ತಾ?”

“ಹೂಂ. ಬೇಪೊ ಮಾವ ಅಂತ.”

“ಹಾಸಿಗೆನೂ?”

“ಹೂಂ.”

“ಹ್ಞೂಂ” ಎಂದರು. ಹಲ್ಲು ನೋವಿರಬೇಕು, ಹೊಗಳುವುದಕ್ಕೆ ಆಗಲಿಲ್ಲ.

ಫೆಬ್ರವರಿ 11, ಮಂಗಳವಾರ

ಬೇಪೊ ಮಾವ ಇಲ್ಲದೆ ನಾನು ಏನು ಮಾಡುತ್ತಿದ್ದೆನೋ. ಪಾಲಕ್ ತಿನ್ನದವರಿಗೆ ಬೇಪೊ ಮಾವ ತಿಂದು ತೋರಿಸುತ್ತಾನೆ. ಅಮ್ಮ ಬಿಟ್ಟುಹೋದಳೆಂದು ಅಳುವವರು ಅವನ ತೊಡೆಯ ಮೇಲೆ ಕೂರುತ್ತಾರೆ. ತಪ್ಪುಗಳೂ ಈಗ ಅವನವೇ. “ಬಣ್ಣ ಚೆಲ್ಲಿದ್ದು ಯಾರು?” ಎಂದರೆ ಇಪ್ಪತ್ತು ಬಾಯಿಂದ ಒಂದೇ ಉತ್ತರ, “ಬೇಪೊ ಮಾವಾ!” ನಾನೂ ಅವನ ಕಿವಿ ಹಿಂಡಿ ಸುಮ್ಮನಾಗುತ್ತೇನೆ.

ತಪ್ಪೇನಿಲ್ಲ. ಕಾರ್ನಿವಲ್ ಕಾಲದಲ್ಲಿ ಇಡೀ ಊರು ಮಾಡುವುದೂ ಇದನ್ನೇ. ನಾನು ಬಾಡಿಗೆಗಿರುವ ಕೋಣೆಯ ಕೆಳಗೆ ಬೇಕರಿ. ಬೆಳಗ್ಗೆ ಬ್ರೆಡ್ಡು ಸೀದಿತ್ತು. “ನಾನಲ್ಲಮ್ಮ, ಆ ಹುಲ್ಲಿನವನು” ಎಂದು ಬೇಕರಿಯಾಕೆ ನಗುತ್ತ ಕೊಟ್ಟಳು.

ಫೆಬ್ರವರಿ 14, ಶುಕ್ರವಾರ

ಪೆರಿನಾಳ ಅಪ್ಪ ಆಂದ್ರೊ ಬಂದಿದ್ದಾರೆ. ಸರಕು ಹಡಗಿನಲ್ಲಿ ಎಂಜಿನ್ ನೋಡಿಕೊಳ್ಳುವವರು. ಹೋದ ವಸಂತದಲ್ಲಿ ಹೋದವರು ಕ್ರಿಸ್ಮಸ್ಸಿಗೆ ಬರುತ್ತೇನೆಂದಿದ್ದರಂತೆ. ಬಂದದ್ದು ನಿನ್ನೆ.

ಸಂಜೆ ಮಗಳನ್ನು ಕರೆದೊಯ್ಯಲು ಬಂದರು. ಬಾಗಿಲಲ್ಲೇ ಶೂ ಬಿಚ್ಚಿ ಕಾಲುಚೀಲದಲ್ಲಿ ಒಳಗೆ ಬಂದು (ಯೆರ್ಕಾ ಅತ್ತೆಯ ಹಳೆಯ ವಿದ್ಯಾರ್ಥಿ, ಗೊತ್ತಾಗುತ್ತದೆ) ಕುಕ್ಕರುಗಾಲಲ್ಲಿ ಕೂತು ಎರಡೂ ಕೈ ಚಾಚಿದರು. ಪೆರಿನಾ ಅವರನ್ನು ಮೇಲಿಂದ ಕೆಳಗೆ ನೋಡಿದಳು. ಹೋಗಿ ಬೇಪೊ ಮಾವನ ಹಿಂದೆ ನಿಂತಳು.

“ನಾನು ಅಜ್ಜಿ ಜೊತೆ ಬರ್ತೀನಿ. ಹಡಗಿನ ಮಾವ ಆಮೇಲೆ ಬರ್ಲಿ.”

ಚಾಚಿದ ಕೈಗಳನ್ನು ಏನು ಮಾಡಬೇಕೆಂದು ಅವರಿಗೆ ತಿಳಿಯಲಿಲ್ಲ. ಒಂದರಿಂದ ಗಡ್ಡ ಕೆರೆದುಕೊಂಡರು.

“ಸ್ವಲ್ಪ ದಿನ ಬೇಕಾಗುತ್ತೆ” ಎಂದೆ, ಎಲ್ಲ ಗೊತ್ತಿದ್ದವಳ ಹಾಗೆ.

“ಎಷ್ಟು ದಿನ ಟೀಚರ್?” ಎಂದು ಕೇಳಿದರು. ಪುಸ್ತಕದಲ್ಲಿ ಅದು ಇರಲಿಲ್ಲ.

ಫೆಬ್ರವರಿ 19, ಬುಧವಾರ

ಆಂದ್ರೊ ದಿನಾ ಬರುತ್ತಾರೆ. ಹೊರಗಿನ ಪಡಸಾಲೆಯಲ್ಲಿ, ಮಕ್ಕಳ ಶೂಗಳ ಸಾಲಿನ ಪಕ್ಕದಲ್ಲಿ ಮಕ್ಕಳ ಬೆಂಚಿನ ಮೇಲೆ ಮೊಣಕಾಲು ಎದೆಗೆ ತಾಗಿಸಿಕೊಂಡು ಕೂತಿರುತ್ತಾರೆ. ಅಜ್ಜಿ ಬಂದ ಮೇಲೆ ಮೂವರೂ ಹೊರಡುತ್ತಾರೆ. ಪೆರಿನಾ ಅಜ್ಜಿಯ ಆಚೆ ಬದಿ, ಅವರು ಈಚೆ ಬದಿ.

ಇವತ್ತು ಮಲಗುವ ಹೊತ್ತಿನಲ್ಲಿ ಪೆರಿನಾ ಪಿಸುಗುಡುವುದು ಕೇಳಿಸಿತು. ಬೇಪೊ ಮಾವನ ಕಿವಿಗೆ ಬಾಯಿಟ್ಟು ಕೇಳುತ್ತಿದ್ದಳು: “ನೀವಾ ಮಾಡಿದ್ದು? ನಿಜ ಹೇಳಿ. ನಾನು ಬೈಯಲ್ಲ.”

“ಏನಂತೆ ಪೆರಿನಾ?” ಎಂದೆ.

“ಅಪ್ಪ ಕ್ರಿಸ್ಮಸ್‌ಗೆ ಬರ್ದೇ ಇರೋ ಹಾಗೆ ಮಾಡಿದ್ದು ಹುಲ್ಲಿನ ಮನುಷ್ಯ ಅಂತ ಅಜ್ಜಿ ಹೇಳಿದ್ರು. ನಾನು ಕೇಳ್ದೆ. ಇವ್ರು ಇಲ್ಲ ಅಂತಾರೆ.” ಹೊದಿಕೆಯನ್ನು ಅವನ ಕತ್ತಿನವರೆಗೆ ಎಳೆದಳು. “ಹಾಗಾದ್ರೆ ಯಾರು ಅತ್ತೆ?”

“ಈಗ ಮಲ್ಕೋ ಬಂಗಾರಿ” ಎಂದೆ. ಒಳ್ಳೆಯ ಉತ್ತರವಲ್ಲ. ಅವಳು ಮಲಗುವವರೆಗೂ ಪಕ್ಕದಲ್ಲೇ ನೆಲದ ಮೇಲೆ ಕೂತಿದ್ದೆ, ಕಾಲು ಜೋಮು ಹಿಡಿಯಿತು.

ಫೆಬ್ರವರಿ 21, ಶುಕ್ರವಾರ

ಎಡವಟ್ಟಾಯಿತು.

ರೋಕೊನ ಅಣ್ಣ ಶಾಲೆಗೆ ಹೋಗುತ್ತಾನೆ. ಅವನು ರೋಕೊಗೆ ಹೇಳಿದ್ದಾನೆ, ರೋಕೊ ಬಂದು ಎಲ್ಲರಿಗೂ ಸಾರಿದ: “ಬೇಪೊ ಮಾವನ್ನ ಬಂದರು ಕಟ್ಟೆ ಮೇಲೆ ಸುಡ್ತಾರೆ!” ವಿನ್ಕಾ ನಿಂತಲ್ಲೇ ಚಡ್ಡಿ ಒದ್ದೆ ಮಾಡಿಕೊಂಡಳು. ಮೊದಲು ಒಬ್ಬರು, ಆಮೇಲೆ ಮೂವರು, ಆಮೇಲೆ ಇಡೀ ಕೋಣೆ ಅಳಲು ಶುರುವಾಯಿತು. ಪೆರಿನಾ ಮಾತ್ರ ಅಳಲಿಲ್ಲ. ನನ್ನ ಸ್ಕರ್ಟು ಹಿಡಿದು ಕೇಳಿದಳು: “ಸುಡ್ತಾರಾ?”

ನನಗೆ ಗೊತ್ತಿಲ್ಲದ್ದೇನಲ್ಲ. ಕಾರ್ನಿವಲ್ ಮಂಗಳವಾರ ಊರೆಲ್ಲ ಸೇರಿ ಹುಲ್ಲಿನವನ ವಿಚಾರಣೆ ಮಾಡುತ್ತದೆ, ವರ್ಷದ ಎಲ್ಲ ಕೆಡುಕನ್ನೂ ಅವನ ತಲೆಗೆ ಕಟ್ಟುತ್ತದೆ, ಬೆಂಕಿ ಹಚ್ಚುತ್ತದೆ. ನಮ್ಮೂರು ಸ್ಪ್ಲಿಟ್‌ನಲ್ಲಿ ನಾನೂ ಎಷ್ಟು ವರ್ಷ ನೋಡಿ ಚಪ್ಪಾಳೆ ತಟ್ಟಿಲ್ಲ! ಆದರೆ ಈ ಎರಡು ವಾರ ನಾನು ನಾಳೆಯ ಸೂಪು, ನಾಳೆಯ ನಿದ್ದೆ ಇಷ್ಟನ್ನೇ ಯೋಚಿಸಿದ್ದೆ. ಮಂಗಳವಾರ ಎಲ್ಲೋ ದೂರವಿತ್ತು.

“ಇಲ್ಲ ಕಣಮ್ಮ. ಬೇಪೊ ಮಾವಂಗೆ ಏನೂ ಆಗಲ್ಲ. ನಾನು ಮಾತು ಕೊಡ್ತೀನಿ” ಎಂದೆ.

ಅಳು ನಿಂತಿತು. ಇಪ್ಪತ್ತು ಮುಖಗಳೂ ನನ್ನನ್ನು ನಂಬಿದವು.

ಯೆರ್ಕಾ ಅತ್ತೆ ಅಡುಗೆಮನೆಗೆ ಕರೆದು ಬಾಗಿಲು ಹಾಕಿದರು.

“ಮೂವತ್ತು ವರ್ಷದಿಂದ ನಾನು ಶುಕ್ರವಾರ ಹುಲ್ಲು ತುಂಬ್ಸೋದು, ಮಂಗಳವಾರ ಸುಡ್ಸೋದು. ಮಧ್ಯೆ ಎರಡು ದಿನ ರಜ. ಯಾಕೆ ಅಂತ ಒಂದು ಸಲ ಕೇಳಿದ್ಯೇನೇ?”

“ಇಲ್ಲ.”

“ಮುಖ ಬರೆಯಲ್ಲ. ಹೆಸ್ರಿಡಲ್ಲ. ಊಟಕ್ಕೆ ಕೂರ್ಸಲ್ಲ. ಹಾಸಿಗೆ ಅಂತೂ... ಅಯ್ಯೋ ದೇವರೇ! ಹಾಸಿಗೆ ಹಾಕಿದ್ಯಲ್ಲೇ ಮಗಳೇ!”

“ಅವತ್ತೇ ಹೇಳ್ಬಾರ್ದಿತ್ತಾ ಅತ್ತೆ?”

ಅವರು ಕನ್ನಡಕ ತೆಗೆದು ಏಪ್ರನ್ನಿಗೆ ಒರೆಸಿಕೊಂಡರು. “ಇಪ್ಪತ್ತೂ ಮಲಗಿದ್ವು. ನೀನೂ ಮಲಗಿದ್ದೆ. ಎಬ್ಬಿಸೋಕೆ ಮನಸ್ಸು ಬರ್ಲಿಲ್ಲ” ಎಂದರು. ಅವರ ಮೇಲೆ ಸಿಟ್ಟು ಮಾಡಿಕೊಳ್ಳಬೇಕೆಂದಿದ್ದೆ, ಆಗಲಿಲ್ಲ.

ಫೆಬ್ರವರಿ 26, ಬುಧವಾರ

ಯೆರ್ಕಾ ಅತ್ತೆಯ ಉಪಾಯದಂತೆ ಇನ್ನೊಬ್ಬ ಬೇಪೊನನ್ನು ಹೊಲಿದೆವು. ಅಂಥದೇ ಕೋಟು, ಅಂಥದೇ ಮೀಸೆ. ಅವನನ್ನು ಸುಡಿಸಿ ಇವನನ್ನು ಬಚ್ಚಿಡುವುದು. ಮೊದಲು ಮಕ್ಕಳು ಏನೆನ್ನುತ್ತಾರೋ ನೋಡೋಣವೆಂದು ಬೆಳಗ್ಗೆ ಹೊಸಬನನ್ನು ಕುರ್ಚಿಯಲ್ಲಿ ಕೂರಿಸಿದೆ. ವಿನ್ಕಾ ಬಂದವಳೇ ಅವನ ತೊಡೆ ಹತ್ತಿ, ತಕ್ಷಣ ಇಳಿದಳು. “ಇವ್ರು ಬೇಪೊ ಮಾವ ಅಲ್ಲ. ಇವ್ರಿಗೆ ನಾವು ಗೊತ್ತೇ ಇಲ್ಲ” ಎಂದಳು. ಅಲ್ಲಿಗೆ ಉಪಾಯ ಮುಗಿಯಿತು.

ಸಂಜೆ ಕ್ಷೌರದಂಗಡಿಗೆ ಹೋದೆ. ಕ್ಷೌರದ ಯೋಸೊ ಪ್ರತಿವರ್ಷ ವಿಚಾರಣೆಯ ನ್ಯಾಯಾಧೀಶ. ಅವನ ಅಪ್ಪನೂ ಅದೇ ಆಗಿದ್ದನಂತೆ. ಆರೋಪಿಯ ವಕೀಲ ಮೀನುಗಾರ ಶಿಮೆ. ಅವನೂ ಅಲ್ಲೇ ಕುರ್ಚಿಯಲ್ಲಿ ಸಾಬೂನು ನೊರೆ ಬಳಿದುಕೊಂಡು ಕೂತಿದ್ದ.

“ಈ ವರ್ಷ ಸುಡದೇ ಇದ್ರೆ ಆಗಲ್ವಾ?” ಎಂದೆ.

ಯೋಸೊನ ಕತ್ತಿ ಶಿಮೆಯ ಗಂಟಲ ಹತ್ತಿರ ನಿಂತಿತು. “ಏನ್ ತಾಯೀ, ನಿನ್ನೆ ಮೊನ್ನೆ ಫೆರಿ ಇಳ್ದು ಬಂದು ನಮ್ಮಜ್ಜನ ಕಾಲದ್ದನ್ನ ನಿಲ್ಸು ಅಂತೀಯಾ? ಇಷ್ಟು ವರ್ಷದಲ್ಲಿ ಒಬ್ಬನೂ ಬಿಡುಗಡೆ ಆಗಿಲ್ಲ. ಬೇಕಾದ್ರೆ ಈ ವಕೀಲನ್ನೇ ಕೇಳು.”

“ಒಂದು ಕೇಸೂ ಗೆದ್ದಿಲ್ಲ” ಎಂದು ಶಿಮೆ ನೊರೆಯೊಳಗಿಂದ ಹೇಳಿದ. ಸ್ವಲ್ಪ ಬೇಸರವಿತ್ತು ದನಿಯಲ್ಲಿ.

“ದೂರೇ ಇಲ್ದಿದ್ರೆ?”

“ದೂರಿಲ್ದಿದ್ರೆ ಸುಡೋ ಹಾಗಿಲ್ಲ. ಅದು ನ್ಯಾಯ. ಆದ್ರೆ ದೂರು ಹೇಳೋರು ನಿನ್ನ ಮಕ್ಕಳೇ ಅಲ್ವಾ? ನಾನು ಕೇಳ್ತೀನಿ, ಅವು ಒಂದೊಂದಾಗಿ ಹೇಳ್ತವೆ, ಊರು ಹೌದು ಹೌದು ಅನ್ನುತ್ತೆ. ಮಾಡ್ದೋರು ನಾನೇ ಅಂತ ಒಪ್ಕೊಂಡ್ರೆ ಸರಿ, ಇಲ್ಲಾಂದ್ರೆ ಅದು ಹುಲ್ಲಿನವನ ತಲೆಗೆ. ಒಪ್ಕೊಳ್ಳೋ ಗಿರಾಕಿನ ಈ ಊರಲ್ಲಿ ನಾನಿನ್ನೂ ನೋಡಿಲ್ಲ.”

ನನ್ನ ಮಕ್ಕಳೇ ಅವನ ಮೇಲೆ ದೂರು ಹೇಳಬೇಕು. ಅದನ್ನು ನಾನೇ ಅವರಿಗೆ ಕಲಿಸಬೇಕು. ಬೇಕರಿಯಾಕೆ ಕೊಟ್ಟ ಬಿಸಿ ಬನ್ನು ಹಾಗೇ ಇದೆ, ತಿನ್ನಲಾಗಲಿಲ್ಲ.

ಫೆಬ್ರವರಿ 28, ಶುಕ್ರವಾರ

ಹೇಳಿಬಿಟ್ಟೆ. ಜಮಖಾನೆಯ ಮೇಲೆ ಎಲ್ಲರನ್ನೂ ಕೂರಿಸಿಕೊಂಡು, ಬೇಪೊ ಮಾವನನ್ನೂ ಕೂರಿಸಿಕೊಂಡು ಹೇಳಿದೆ. ನಾನು ಮಾತು ಕೊಟ್ಟಿದ್ದೆ, ಆದರೆ ಅದು ನನ್ನ ಕೈಯಲ್ಲಿರುವ ವಿಷಯವಲ್ಲ ಎಂದೆ. ಯೋಸೊ ಹೇಳಿದ್ದೆಲ್ಲವನ್ನೂ ಹಾಗೆಯೇ ಹೇಳಿದೆ, ದೂರು, ತಲೆಗೆ ಕಟ್ಟುವುದು, ಬೆಂಕಿ, ಎಲ್ಲ. ಚಿಕ್ಕವರಿಗೆ ಇಷ್ಟೆಲ್ಲ ಯಾಕೆ ಎಂದು ಕಾಲೇಜಿನವರು ಕೇಳಬಹುದು. ಇನ್ನೊಂದು ಸುಳ್ಳು ಹೇಳಲು ನನ್ನಿಂದ ಆಗಲಿಲ್ಲ.

ರೋಕೊ ಕೇಳಿದ: “ನೋವಾಗುತ್ತಾ?”

“ಹುಲ್ಲಿಗೆ ನೋವಾಗಲ್ಲ ರೋಕೊ.”

“ನಮ್ಗೆ?”

“ನಮ್ಗೆ ಆಗುತ್ತೆ. ನಂಗೂ ಆಗುತ್ತೆ” ಎಂದೆ.

ಪೆರಿನಾ ಎದ್ದು ನಿಂತಳು. “ಏನೂ ಆಗಲ್ಲ ಅಂದಿದ್ರಲ್ಲ. ನೀವೂ ದೊಡ್ಡೋರ ಥರಾನೇ” ಎಂದಳು. ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿ ಕೂತಳು. ಇಡೀ ದಿನ ನನ್ನ ಜೊತೆ ಮಾತಾಡಲಿಲ್ಲ. ಕಲಿಯುವವಳಿಗೆ ಯಾರ್ಯಾರೋ ಬೈಯುತ್ತಾರೆ, ತಾಗುವುದಿಲ್ಲ. ಇದು ತಾಗಿತು.

ಯೆರ್ಕಾ ಅತ್ತೆ ದೂರುಗಳನ್ನು ಹಂಚಿದರು. ರೋಕೊಗೆ ಸೂಪು ಚೆಲ್ಲಿದ್ದು, ದೂಯೆ ಎಂಬ ಹುಡುಗನಿಗೆ ಕಿಟಕಿ ಗಾಜು ಒಡೆದದ್ದು, ವಿನ್ಕಾಗೆ ಗೊಂಬೆಯ ಕೂದಲು ಕತ್ತರಿಸಿದ್ದು. ಪೆರಿನಾ ತನ್ನದನ್ನು ತಾನೇ ಆರಿಸಿಕೊಂಡಳು: ಅಪ್ಪ ಕ್ರಿಸ್ಮಸ್ಸಿಗೆ ಬಾರದ್ದು. ಎಲ್ಲರೂ ಗಿಣಿಗಳ ಹಾಗೆ ಹೇಳಿ ಒಪ್ಪಿಸಿದರು. ಮಧ್ಯಾಹ್ನ ಮಲಗುವ ಹೊತ್ತಿಗೆ ಪೆರಿನಾ ಮತ್ತೆ ಮಂಚದಿಂದ ಮಂಚಕ್ಕೆ ಹೋಗಿ ಕಿವಿಯಲ್ಲಿ ಏನೇನೋ ಹೇಳಿ ಬಂದಳು. ಈ ಸಲ ಯಾರೂ ನಗಲಿಲ್ಲ. ನಾನು ಕಂಡೂ ಕಾಣದವಳ ಹಾಗಿದ್ದೆ. ಬೈದುಕೊಳ್ಳುವುದಿದ್ದರೆ ಬೈದುಕೊಳ್ಳಲಿ.

ಮಾರ್ಚ್ 2, ಭಾನುವಾರ

ಬೇಕರಿಯಾಕೆ ಹಬ್ಬದ ಫ್ರಿತುಲೆ ಕರಿಯಲು ಕರೆದಳು. ಕೈಗೆ ಕೆಲಸ ಸಿಕ್ಕಿದ್ದೇ ಒಳ್ಳೆಯದಾಯಿತು. ಒಣದ್ರಾಕ್ಷಿ ಹಾಕಿದ ಪುಟ್ಟ ಉಂಡೆಗಳು, ವಿನ್ಕಾಳ ಬಾಯಿಗೆ ಹಿಡಿಸುವಷ್ಟೇ ದಪ್ಪಕ್ಕೆ ಬಿಟ್ಟೆ. ಮಕ್ಕಳಿಗೆಂದು ಒಂದು ಬುಟ್ಟಿ ಮೇಲೆ ತಂದೆ. ಎಣ್ಣೆ ಹೀರಲು ಕಾಗದ ಬೇಕಿತ್ತು, ಮೇಜಿನ ಮೇಲೆ ಟೂರಿಸಂ ವಿಭಾಗದ ಅರ್ಜಿ ಬಿದ್ದಿತ್ತು, ಅದರ ಮೇಲೇ ಹರವಿದೆ. ಇನ್ನೊಂದು ಪ್ರತಿ ತರಿಸಬೇಕು, ಮರೆಯಬಾರದು.

ಮಂಗಳವಾರ ಮಳೆ ಬಂದು ಎಲ್ಲ ನಿಂತುಹೋಗಲಿ ಎಂದು ಬೇಡಿಕೊಂಡೆ.

ಮಾರ್ಚ್ 4, ಮಂಗಳವಾರ

ಮಳೆ ಬರಲಿಲ್ಲ. ಉತ್ತರದ ಚಳಿಗಾಳಿ ಬುರಾ ಬೀಸಿ ಆಕಾಶವನ್ನು ತೊಳೆದಿಟ್ಟಿತ್ತು, ಮೂಗು ಕಿತ್ತುಹೋಗುವಷ್ಟು ಚಳಿ. ಎಲ್ಲವನ್ನೂ ಬರೆಯಬೇಕು.

ಬಂದರು ಕಟ್ಟೆಯ ಮೇಲೆ ಇಡೀ ಊರು. ವಾದ್ಯದವರು, ಮುಖವಾಡದವರು, ಹೆಂಗಸರ ಲಂಗ ತೊಟ್ಟ ಗಂಡಸರು. ನಡುವೆ ದ್ರಾಕ್ಷಿ ಬಳ್ಳಿಯ ಒಣಕಡ್ಡಿಯ ರಾಶಿ. ಅದರ ಪಕ್ಕದಲ್ಲಿ ಮೀನಿನ ಪೆಟ್ಟಿಗೆಗಳ ಮೇಲೊಂದು ಕುರ್ಚಿ, ಕುರ್ಚಿಯಲ್ಲಿ ನಮ್ಮ ಬೇಪೊ ಮಾವ. ನಗುವ ಕಣ್ಣು ಬರೆದದ್ದು ನಾನೇ. ಎತ್ತ ಹೋದರೂ ನನ್ನನ್ನೇ ನೋಡುತ್ತಿದ್ದ.

ಯೋಸೊ ಹತ್ತಿಯ ಗಡ್ಡ, ಕೆಂಪು ನಿಲುವಂಗಿಯಲ್ಲಿ ಬಂದು ಮರದ ಸುತ್ತಿಗೆ ಬಡಿದ. ಇನ್ನೊಂದು ಕೈಯಲ್ಲಿ ಉರಿಯುವ ಪಂಜು. ಶಿಮೆ ಹೆಂಡತಿಯ ಕಪ್ಪು ಮಳೆಕೋಟು ಹಾಕಿಕೊಂಡು ತನ್ನ ಮಾಮೂಲಿ ವಾದ ಮಂಡಿಸಿದ: “ಸ್ವಾಮೀ, ನನ್ನ ಕಕ್ಷಿದಾರ ಒಳ್ಳೇ ಮನುಷ್ಯ. ತಲೆ ತುಂಬ ಹುಲ್ಲು, ನಿಜ. ಅಂಥೋರು ಈ ಕಟ್ಟೆ ಮೇಲೆ ಇನ್ನೂ ಬೇಕಾದಷ್ಟು ಜನ ಇದ್ದಾರೆ!” ಜನ ನಕ್ಕು ಶಿಳ್ಳೆ ಹೊಡೆದರು.

“ದೂರು!” ಎಂದ ಯೋಸೊ. “ಸೂಪು ಚೆಲ್ಲಿದ್ದು ಯಾರು?”

ರೋಕೊ ಮುಂದೆ ಹೋದ. ಬೇಪೊ ಮಾವ ಎಂದು ಕೂಗಬೇಕು. ಅವನು ತಿರುಗಿ ಪೆರಿನಾಳನ್ನು ನೋಡಿದ, ಅವಳು ಹೂಂ ಎಂದು ತಲೆ ಆಡಿಸಿದಳು.

“ನಾನು” ಎಂದ ರೋಕೊ. “ನಾನೇ ಚೆಲ್ಲಿದ್ದು. ಬೇಕೂ ಅಂತ.”

ಯೋಸೊನ ಸುತ್ತಿಗೆ ಗಾಳಿಯಲ್ಲಿ ನಿಂತಿತು. ಜನ ನಕ್ಕರು, ಮಗು ಮರೆತಿದೆ ಎಂದುಕೊಂಡರು. ಯೋಸೊ ಗಂಟಲು ಸರಿಮಾಡಿಕೊಂಡು ಕೇಳಿದ, “ಕಿಟಕಿ ಗಾಜು?”

“ನಾನು! ಚೆಂಡಲ್ಲಿ!” ಎಂದ ದೂಯೆ.

“ಗೊಂಬೆ ಕೂದಲು?”

ವಿನ್ಕಾ ಮುಂದೆ ಬಂದಳು. ಕೈ ಎತ್ತಿ ತನ್ನ ಎದೆಯನ್ನೇ ತೋರಿಸಿದಳು. ಅಳುತ್ತ ತೋರಿಸಿದಳು, ಆದರೂ ತೋರಿಸಿದಳು.

ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ. ನಾನು, ನಾನು, ನಾನು. ಪುಟ್ಟ ಪುಟ್ಟ ದನಿಗಳು ಬುರಾದಲ್ಲಿ ಹಾರಿ ಬರುತ್ತಿದ್ದವು. ಜನ ನಗುವುದನ್ನು ನಿಲ್ಲಿಸಿದ್ದರು. ಯೆರ್ಕಾ ಅತ್ತೆ ನನ್ನ ತೋಳು ಹಿಡಿದು, “ನೀನಾ ಹೇಳ್ಕೊಟ್ಟಿದ್ದು?” ಎಂದರು. ಇಲ್ಲ ಎಂದು ತಲೆಯಾಡಿಸಿದೆ. ಶಿಮೆ ಮಳೆಕೋಟಿನ ಗುಂಡಿ ಹಾಕಿಕೊಂಡು ನೆಟ್ಟಗೆ ನಿಂತ, ಮೊದಲ ಸಲ ವಕೀಲನ ಹಾಗೆ ಕಂಡ.

ಕೊನೆಗೆ ಪೆರಿನಾ. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದಳು.

“ನಮ್ಮಪ್ಪ ಕ್ರಿಸ್ಮಸ್‌ಗೆ ಬರ್ಲಿಲ್ಲ” ಎಂದು ಹೇಳಬೇಕಿತ್ತು. ಅವಳು ಹೇಳಿದ್ದು ಹೀಗೆ: “ಹಡಗಿನ ಮಾವ ಕ್ರಿಸ್ಮಸ್‌ಗೆ ಬರ್ತೀನಿ ಅಂದು ಬರ್ಲಿಲ್ಲ. ಅದನ್ನ ಬೇಪೊ ಮಾವ ಮಾಡಿಲ್ಲ. ನಾನು ಕೇಳಿದೀನಿ. ನಾನೂ ಮಾಡಿಲ್ಲ. ಯಾರು ಮಾಡಿದ್ದೋ ನಂಗೆ ಗೊತ್ತಿಲ್ಲ.”

ಯೋಸೊ ಬಗ್ಗಿ ಮೆತ್ತಗೆ ಹೇಳಿದ, “ಪುಟ್ಟಾ, ಯಾರೂ ಒಪ್ಕೊಳ್ಳದಿದ್ರೆ ಅದು ಇವನ ತಲೆಗೇ ಬರುತ್ತೆ. ಒಂದೇ ಒಂದಿದ್ರೂ ಸಾಕು, ಸುಡ್ಬೇಕಾಗುತ್ತೆ.”

ಅವಳು ಊರನ್ನೆಲ್ಲ ಒಂದು ಸುತ್ತು ನೋಡಿದಳು. ಹುಡುಕುತ್ತಿದ್ದಳು, ನಿಜವಾಗಿಯೂ ಹುಡುಕುತ್ತಿದ್ದಳು. ಅವಳ ಕೆಳತುಟಿ ನಡುಗುವುದನ್ನು ನಾನು ಮೊದಲ ಸಲ ಕಂಡೆ. ಹೋಗಿ ಎತ್ತಿಕೊಂಡುಬಿಡೋಣ ಎಂದು ಹೆಜ್ಜೆ ಇಟ್ಟೆ. ಯೆರ್ಕಾ ಅತ್ತೆ ಬಿಡಲಿಲ್ಲ.

“ನಾನು.”

ಜನರ ಹಿಂದಿನಿಂದ ಬಂತು ದನಿ. ಆಂದ್ರೊ ದಾರಿ ಬಿಡಿಸಿಕೊಂಡು ಮುಂದೆ ಬಂದರು. ಮುಖ ಸುಣ್ಣದ ಹಾಗೆ ಬೆಳ್ಳಗಿತ್ತು.

“ನಾನೇ ಮಾಡಿದ್ದು ಯೋಸೊ. ಡಿಸೆಂಬರಲ್ಲಿ ಇಳೀಬಹುದಿತ್ತು. ಇನ್ನೊಂದು ಸಲ ಹೋಗಿ ಬರ್ತೀನಿ ಅಂತ ನಾನೇ ಉಳ್ಕೊಂಡೆ. ಯಾರೂ ಬಲವಂತ ಮಾಡ್ಲಿಲ್ಲ. ಮಗು ಸಣ್ಣದು, ಏನು ಗೊತ್ತಾಗುತ್ತೆ ಅಂದ್ಕೊಂಡೆ.” ಆಮೇಲೆ ಮಗಳ ಕಡೆ ತಿರುಗಿದರು. “ನಿನ್ಗೆ ಎಲ್ಲಾ ಗೊತ್ತಾಗಿತ್ತು, ಅಲ್ವಾ?”

ಪೆರಿನಾ ಕುರ್ಚಿಯ ಕಡೆ ಬೆರಳು ತೋರಿಸಿದಳು.

“ಹಾಗಾದ್ರೆ ಬೇಪೊ ಮಾವನ್ನ ಇಳ್ಸಿ” ಎಂದಳು. “ನೀವು ಕೂತ್ಕೊಳ್ಳಿ ಅಲ್ಲಿ.”

ಶಿಮೆ ಓಡಿಹೋಗಿ ಬೇಪೊ ಮಾವನನ್ನು ಇಳಿಸಿ ಎದೆಗವಚಿಕೊಂಡು “ಗೆದ್ದೆ! ಗೆದ್ದೆ!” ಎಂದು ಕುಣಿದ. ಆಂದ್ರೊ ಮೀನಿನ ಪೆಟ್ಟಿಗೆ ಹತ್ತಿ ಆ ಕುರ್ಚಿಯಲ್ಲಿ ಕೂತು, ಕೈಗಳನ್ನು ಮೊಣಕಾಲ ಮೇಲಿಟ್ಟುಕೊಂಡರು. ಜನಕ್ಕೆ ಜೀವ ಬಂತು. “ಹಚ್ಚೋ ಯೋಸೊ! ನಾವಿಕನಿಗೇ ಹಚ್ಚು!” ಎಂದು ಯಾರೋ ಕೂಗಿದರು, ಎಲ್ಲರೂ ನಕ್ಕರು. ಯೋಸೊ ತಮಾಷೆಗೆ ಪಂಜನ್ನು ಎತ್ತಿ ಒಂದು ಹೆಜ್ಜೆ ಮುಂದಿಟ್ಟ.

ಪೆರಿನಾಳಿಗೆ ಅದು ತಮಾಷೆಯೆಂದು ಯಾರು ಹೇಳಿದ್ದರು?

ಅವಳು ಕಿರುಚಿದ್ದು ನನ್ನ ಮೈಯಲ್ಲಿ ಇನ್ನೂ ಇದೆ. ಟೋಪಿ ಬಿಸಾಡಿ ಓಡಿ ಪೆಟ್ಟಿಗೆಗಳನ್ನು ತೆವಳಿ ಹತ್ತಿ, ಅವರ ಕುತ್ತಿಗೆಗೆ ಎರಡೂ ಕೈ, ಸೊಂಟಕ್ಕೆ ಎರಡೂ ಕಾಲು ಸುತ್ತಿ, ಬೆನ್ನನ್ನು ಪಂಜಿನ ಕಡೆ ಮಾಡಿಕೊಂಡಳು. “ಸುಡ್ಬೇಡಿ! ಸುಡ್ಬೇಡಿ! ಇವ್ರು ನಮ್ಮಪ್ಪ! ನಮ್ಮಪ್ಪಾ!”

ಯೋಸೊ ಪಂಜನ್ನು ಸಮುದ್ರಕ್ಕೆ ಎಸೆದುಬಿಟ್ಟ. ಹತ್ತಿಯ ಗಡ್ಡದಿಂದ ಕಣ್ಣೊರೆಸಿಕೊಂಡು, “ಬಿಡುಗಡೆ! ಎಲ್ಲರಿಗೂ ಬಿಡುಗಡೆ!” ಎಂದು ಸುತ್ತಿಗೆ ಬಡಿದ. ಆಂದ್ರೊ ಮಗಳ ಕೂದಲಲ್ಲಿ ಮುಖ ಹುದುಗಿಸಿಕೊಂಡು ಅತ್ತರು, ಮಕ್ಕಳ ಹಾಗೆ, ಸದ್ದು ಮಾಡಿ. ಅವರು ಕೆಳಗಿಳಿದ ಮೇಲೆ ಕಡ್ಡಿಯ ರಾಶಿಗೆ ಸುಮ್ಮನೆ ಬೆಂಕಿ ಹಚ್ಚಿದರು. ಚಳಿಯಿತ್ತಲ್ಲ, ಊರೆಲ್ಲ ಸುತ್ತ ನಿಂತು ಕೈ ಕಾಯಿಸಿಕೊಂಡಿತು. ನಾನು ಫ್ರಿತುಲೆಯ ಬುಟ್ಟಿ ಹಿಡಿದು ಒಬ್ಬೊಬ್ಬ ಮಗುವಿನ ಬಾಯಿಗೂ ಇಟ್ಟೆ, ಎಲ್ಲರ ಮೂಗನ್ನೂ ಒರೆಸಿದೆ. ಯಾರ ಮೂಗನ್ನು ಯಾರ ಕರವಸ್ತ್ರದಲ್ಲಿ ಒರೆಸಿದೆನೋ ಗೊತ್ತಿಲ್ಲ.

ಮನೆಗೆ ಹೊರಡುವ ಹೊತ್ತಿಗೆ ಪೆರಿನಾ ಅಪ್ಪನ ಒಂದು ಬೆರಳು ಹಿಡಿದುಕೊಂಡು ನನ್ನ ಮುಂದೆ ಬಂದು ನಿಂತಳು. ಶುಕ್ರವಾರದಿಂದ ನನ್ನ ಜೊತೆ ಮಾತಾಡಿರಲಿಲ್ಲ.

“ತೋಂಕಾ ಅತ್ತೆ, ಇವತ್ತು ಬೇಪೊ ಮಾವನ್ನ ನೀವೇ ಎತ್ಕೊಂಡು ಹೋಗಿ ಮಲಗ್ಸಿ” ಎಂದಳು. “ನಂಗೆ ಆಗಲ್ಲ. ನಮ್ಮಪ್ಪನ್ನ ಮನೆಗೆ ಕರ್ಕೊಂಡು ಹೋಗ್ಬೇಕು.”

ಆಯಿತಮ್ಮ ಎಂದೆ. ಎತ್ತಿಕೊಂಡು ಹೋಗಿ ಮಲಗಿಸಿ ಬಂದೆ.